ಸನ್ನದು (ವಕೀಲಿಕೆಯ ಪರವಾನಗಿ) ಇಟ್ಟುಕೊಂಡೇ ಅಪ್ಪನ ರೈಸ್ ಮಿಲ್ ನಡೆಸಬಹುದಾ?

ಗಂಗಾವತಿಯ ವಕೀಲೆ:
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ. ಪಾಲಿನ ದಾವೆ, ಹೊಲದ ದಾರಿ ತಕರಾರು, ಚೆಕ್ ಬೌನ್ಸ್, ಇವೇ ಜಾಸ್ತಿ. ಹೋದ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡರು. ಅವರು ಸ್ವಂತ ದುಡಿದು ಕಟ್ಟಿದ ಸಣ್ಣ ರೈಸ್ ಮಿಲ್ ಈಗ ಅವ್ವ, ನಾನು, ತಮ್ಮ ಮೂವರಿಗೆ ಬಂದಿದೆ. ತಮ್ಮ ಇನ್ನೂ ಓದುತ್ತಿದ್ದಾನೆ.

ಬ್ಯಾಂಕಿನವರು, ಲೆಕ್ಕ ಬರೆಯುವವರು ಇಬ್ಬರೂ "ನೀವು ಓದಿದವರು, ಎಲ್ಲ ನಿಮ್ಮ ಹೆಸರಿಗೇ ಮಾಡೋಣ" ಅನ್ನುತ್ತಿದ್ದಾರೆ. ಸಹಿ ಹಾಕುವ ಮೊದಲು ಕೇಳುತ್ತಿದ್ದೇನೆ.

ಮಿಲ್ ಮುಚ್ಚುವ ಮಾತೇ ಇಲ್ಲ. ಹಮಾಲರೆಲ್ಲ ಅಪ್ಪನ ಕಾಲದವರು. ವಕೀಲಿಕೆಯನ್ನೂ ಬಿಡಲಾರೆ. ತವರಿನ ಪಾಲು ಕೇಳಲು ಹಳ್ಳಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. ಗಂಡಸು ವಕೀಲರ ಮುಂದೆ ಹೇಳದ್ದನ್ನೆಲ್ಲ ನನ್ನ ಮುಂದೆ ಹೇಳುತ್ತಾರೆ. ಅವರ ಕೈ ಹೇಗೆ ಬಿಡಲಿ? ದುಡಿಯುವ ತಾಕತ್ತು ಇದೆ. ನಿಯಮ ಒಪ್ಪುತ್ತದಾ?

ಕೊಪ್ಪಳದ ಓದುಗ:
ಎಷ್ಟೋ ವಕೀಲರು ಅಂಗಡಿ, ಬಂಕ್ ಇಟ್ಟಿದ್ದಾರೆ. ಯಾರೂ ಕೇಳುವುದಿಲ್ಲ. ಸುಮ್ನೆ ನಡೆಸಿ ಮೇಡಂ.

ರಾಯಚೂರಿನ ಹಿರಿಯ ವಕೀಲ:
ತಂಗೀ, ಆ ಮಾತು ಕೇಳಬೇಡಿ. ಪಠಾಣಕೋಟ್‌ನ ವಕೀಲರೊಬ್ಬರ ಎಸ್‌ಟಿಡಿ ಬೂತ್, ಝೆರಾಕ್ಸ್ ವ್ಯಾಪಾರ ಸುಪ್ರೀಂ ಕೋರ್ಟ್ ತನಕ ಹೋಯಿತು. 2001ರಲ್ಲಿ ಕೋರ್ಟ್ ಅದು ವೃತ್ತಿ ದುರ್ನಡತೆಯೇ ಎಂದಿತು. 1961ರ ವಕೀಲರ ಕಾಯ್ದೆಯ 35ನೇ ಕಲಮಿನಲ್ಲಿ ಛೀಮಾರಿಯಿಂದ ಹಿಡಿದು ವಕೀಲರ ಪಟ್ಟಿಯಿಂದ ಹೆಸರು ತೆಗೆದುಹಾಕುವವರೆಗೂ ಶಿಕ್ಷೆ ಇದೆ. ಕೇಸು ಸೋತ ಎದುರು ಪಾರ್ಟಿ ಒಂದು ಅರ್ಜಿ ಕೊಟ್ಟರೆ ಸಾಕು.

ಭಾರತೀಯ ವಕೀಲರ ಪರಿಷತ್ತಿನ ನಿಯಮ 47ರ ಪ್ರಕಾರ ವಕೀಲರು ಖುದ್ದಾಗಿ ವ್ಯಾಪಾರ ಮಾಡುವಂತಿಲ್ಲ. ಆದರೆ ನಿಮಗೆ ಬೇಕಾದದ್ದು ನಿಯಮ 50. ಪಿತ್ರಾರ್ಜಿತವಾಗಿ ಬಂದ ವ್ಯಾಪಾರದಲ್ಲಿ ಪಾಲು ಇಟ್ಟುಕೊಳ್ಳಬಹುದು, ಲಾಭವನ್ನೂ ತೆಗೆದುಕೊಳ್ಳಬಹುದು. ಆಡಳಿತದಲ್ಲಿ ಮಾತ್ರ ಕೈ ಹಾಕುವಂತಿಲ್ಲ. ಅಂದರೆ ಖರೀದಿ ದರ ನೀವು ಗೊತ್ತುಮಾಡಬಾರದು, ಮಿಲ್ಲಿನ ಚೆಕ್ಕಿಗೆ ನಿಮ್ಮ ಸಹಿ ಬೀಳಬಾರದು. ಕಾಗದದಲ್ಲಿ ಒಂದು, ಮಿಲ್ಲಿನಲ್ಲಿ ಇನ್ನೊಂದು ಅಂತ ಮಾಡಿದರೆ ಅದೂ ತಪ್ಪೇ.

ನೀವೇ ನಡೆಸಬೇಕು ಅನ್ನಿಸಿದರೆ ಅದಕ್ಕೂ ಮರ್ಯಾದೆಯ ದಾರಿ ಇದೆ. ರಾಜ್ಯ ವಕೀಲರ ಪರಿಷತ್ತಿಗೆ ಬರೆದು, ಮೂಲ ಸನ್ನದು ಒಪ್ಪಿಸಿ, ಪ್ರಾಕ್ಟೀಸನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ತಮ್ಮ ಓದು ಮುಗಿಸಿ ಬಂದಮೇಲೆ ಮತ್ತೆ ಶುರು ಮಾಡಲು ಅರ್ಜಿ ಹಾಕಿ.

ಕಾರಟಗಿ ಮಿಲ್ ಗುಮಾಸ್ತ:
ಅಕ್ಕಾರೆ, ನಿಮ್ಮ ಅವ್ವನವರು ಇದ್ದಾರಲ್ಲ? ಅವರನ್ನೇ ಮ್ಯಾನೇಜಿಂಗ್ ಪಾರ್ಟ್ನರ್ ಮಾಡಿ. ನಮ್ಮ ಕಡೆ ಭತ್ತ ಕೊಡುವ ರೈತ ಮುಖ ನೋಡಿ ಕೊಡುತ್ತಾನೆ, ಡಿಗ್ರಿ ನೋಡಿ ಅಲ್ಲ. 75 ಕಿಲೋ ಚೀಲದ ಲೆಕ್ಕ, ತೇವದ ಕಡಿತ, ತೌಡು–ನುಚ್ಚಿನ ವ್ಯಾಪಾರ ನೋಡಲು ಒಬ್ಬ ನಂಬಿಕಸ್ಥ ಗುಮಾಸ್ತ ಸಾಕು. ಸುಗ್ಗಿ ಶುರುವಾಗುವ ಮೊದಲೇ ಇದನ್ನು ಮುಗಿಸಿ.

ಇನ್ನೊಂದು. ಅಪ್ಪನವರ ಜಿಎಸ್‌ಟಿ ನಂಬರಿನಲ್ಲೇ ಬಿಲ್ ಹಾಕುತ್ತಾ ಹೋಗಬೇಡಿ. ಹೊಸ ಪಾಲುದಾರಿಕೆ ಫರ್ಮಿಗೆ ಹೊಸ ಪ್ಯಾನ್, ಹೊಸ ನಂಬರ್ ಬೇಕು. ಹಳೆಯದರಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ಜಮೆ) ಇದ್ದರೆ ಐಟಿಸಿ-02 ಫಾರ್ಮಿನಲ್ಲಿ ವರ್ಗಾಯಿಸಿಕೊಳ್ಳಬಹುದು.

ಗಂಗಾವತಿಯ ವಕೀಲೆ:
ಅವ್ವನನ್ನು ಕೇಳಿದೆ. "ನಿಮ್ಮಪ್ಪ ಊರಲ್ಲಿ ಇಲ್ಲದಾಗ ದಲಾಲರ ಜೊತೆ ಮಾತಾಡುತ್ತಿದ್ದವಳು ನಾನೇ ಅಲ್ವಾ?" ಅಂದಳು. ನನಗೆ ತುಂಬಾ ಸಮಾಧಾನ ಆಯಿತು. ಪಾಲುದಾರಿಕೆ ಪತ್ರ ಬೇರೆ ವಕೀಲರ ಹತ್ತಿರ ಬರೆಸುತ್ತೇನೆ. ಸರ್, ಅಕ್ಕಿ ಒಯ್ದ ವ್ಯಾಪಾರಿಯ ಒಂದು ಚೆಕ್ ವಾಪಸ್ ಬಂದಿದೆ. ಆ ಕೇಸು ನಾನೇ ನಡೆಸಬಹುದಾ?

ರಾಯಚೂರಿನ ಹಿರಿಯ ವಕೀಲ:
ಬೇಡ. ನಿಮ್ಮ ಹಣದ ಹಿತ ಇರುವ ಕೇಸಿನಲ್ಲಿ ನೀವು ವಾದ ಮಾಡುವಂತಿಲ್ಲ, ಅದೇ ಪರಿಷತ್ತಿನ ನಿಯಮ 9. ಬೇರೆಯವರಿಗೆ ವಕಾಲತ್ತು ಕೊಡಿ. ಚೆಕ್ ವಾಪಸ್ ಎಂದು ಬ್ಯಾಂಕಿನ ಮೆಮೊ ಬಂದ ದಿನದಿಂದ 30 ದಿನದೊಳಗೆ ಆ ವ್ಯಾಪಾರಿಗೆ ನೋಟಿಸ್ ಹೋಗಬೇಕು ಎಂಬುದು ನಿಮಗೇ ಗೊತ್ತಿದೆ. ಮೆಮೊ ತಾರೀಕು ಇವತ್ತೇ ನೋಡಿ.