ಜಾಲತಾಣದ ನಕ್ಷೆಯಲ್ಲಿ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡುತ್ತಿವೆ

ಪ್ರಶ್ನೆ:
ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಕೆರೆಗಳನ್ನು ತೋರಿಸುವ ನಕ್ಷೆಯೊಂದನ್ನು ಎಲ್ಲರೂ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶದಿಂದ, ಬ್ರೌಸರಿನಲ್ಲಿ ನಕ್ಷೆ ಬಿಡಿಸುವ ಮ್ಯಾಪ್‌ಲಿಬ್ರೆ ತಂತ್ರಾಂಶದ ಹಳೆಯ ಆವೃತ್ತಿಯೊಂದನ್ನು ಬಳಸಿ ಸಿದ್ಧಪಡಿಸುತ್ತಿದ್ದೇನೆ. ನಕ್ಷೆಯ ರೂಪವನ್ನು ನಿರ್ಧರಿಸುವ ಸ್ಟೈಲ್ ಕಡತದಲ್ಲಿ, ಮೊದಲು ಕನ್ನಡದ ಹೆಸರಿರುವ ‘ನೇಮ್:ಕೆಎನ್’ ಟ್ಯಾಗನ್ನು ಓದಿ, ಅದು ಇಲ್ಲದಿದ್ದರೆ ಮಾತ್ರ ‘ನೇಮ್’ ಟ್ಯಾಗಿಗೆ ಹೋಗುವಂತೆ ಬರೆದಿದ್ದೇನೆ. ಹೆಸರುಗಳೇನೋ ಬರುತ್ತಿವೆ, ಆದರೆ ‘ಹುಬ್ಬಳ್ಳಿ’ಯ ಒತ್ತುಗಳು ಕೆಳಗಿಳಿಯದೆ ‘ಹುಬ್‌ಬಳ್‌ಳಿ’ ಎಂಬಂತೆ ಸಾಲಾಗಿ ನಿಲ್ಲುತ್ತವೆ, ‘ಧಾರವಾಡ’ದಲ್ಲಿ ತಲೆಕಟ್ಟು ಹಾಗೆಯೇ ಉಳಿದು ದೀರ್ಘವು ಪಕ್ಕದಲ್ಲಿ ಬೇರೆಯಾಗಿ ಕೂರುತ್ತದೆ. ವಿಚಿತ್ರವೆಂದರೆ ‘ಗದಗ’ ಮಾತ್ರ ಅಚ್ಚುಕಟ್ಟಾಗಿದೆ. ನೋಟೊ ಸಾನ್ಸ್ ಕನ್ನಡ ಬಿಟ್ಟು ಬೇರೆ ಫಾಂಟ್ ಹಾಕಿದರೂ ಇದೇ ಪಾಡು.

ಉತ್ತರ 1:
ಗದಗದಲ್ಲಿ ಒತ್ತೂ ಇಲ್ಲ, ಕಾಗುಣಿತದ ಚಿಹ್ನೆಯೂ ಇಲ್ಲ. ಅದಕ್ಕೇ ಅದು ಪಾರಾಗಿದೆ. ಇಂತಹ ನಕ್ಷೆಗಳು ಓದುವ, ಪಿಬಿಎಫ್ ಎಂಬ ಅಡಕವಾದ ಮಾದರಿಯ ಫಾಂಟ್ ಕಡತಗಳಲ್ಲಿ ಅಕ್ಷರದ ಆಕಾರಗಳನ್ನು, ಪ್ರತಿ ಅಕ್ಷರಕ್ಕೂ ಗೊತ್ತುಮಾಡಿರುವ ಯೂನಿಕೋಡ್ ಸಂಖ್ಯೆಗಳ ಕ್ರಮದಲ್ಲಿ, 256ರ ಕಂತುಗಳಾಗಿ ತುಂಬಿರುತ್ತಾರೆ. ಕನ್ನಡದ ಪಾಲಿನ 3200ರಿಂದ 3327ರವರೆಗಿನ ಸಂಖ್ಯೆಗಳು 3072-3327ರ ಕಂತಿನಲ್ಲಿವೆ. ಆದರೆ ಬಕಾರದ ಒತ್ತಿಗೆ ತನ್ನದೇ ಆದ ಸಂಖ್ಯೆ ಇಲ್ಲ. ಬಕಾರ, ಹಲಂತ ಚಿಹ್ನೆ, ಮತ್ತೆ ಬಕಾರ ಎಂಬ ಮೂರನ್ನು ಫಾಂಟಿನೊಳಗಿನ ನಿಯಮಗಳಂತೆ ಕೂಡಿಸಿದಾಗ ಮಾತ್ರ ಅದು ಹುಟ್ಟುತ್ತದೆ. ಕೂಡಿಸುವ ಆ ಕೆಲಸವನ್ನು ಬ್ರೌಸರಿನಲ್ಲಿ ಹಾರ್ಫ್‌ಬಜ್‌ನಂತಹ ತಂತ್ರಾಂಶ ಮಾಡುತ್ತದೆ. ಪಿಬಿಎಫ್ ದಾರಿಯಲ್ಲಿ ಅದು ನಡೆಯುವುದೇ ಇಲ್ಲವಾದ್ದರಿಂದ ಎಷ್ಟು ಫಾಂಟ್ ಬದಲಿಸಿದರೂ ಪ್ರಯೋಜನವಿಲ್ಲ.

ಉತ್ತರ 2:
ಹಾಗಾದರೆ ಆ ಕೆಲಸವನ್ನು ಬ್ರೌಸರಿಗೇ ಒಪ್ಪಿಸಬಹುದು. ಇಪ್ಪತ್ತು-ಮೂವತ್ತು ಹೆಸರುಗಳಿದ್ದರೆ ಎಚ್‌ಟಿಎಂಎಲ್ ಮಾರ್ಕರ್‌ಗಳೇ (ನಕ್ಷೆಯ ಮೇಲೆ ಬ್ರೌಸರ್ ತಾನೇ ಬರೆಯುವ ಪಟ್ಟಿಗಳು) ಸಾಕು. ಹೆಚ್ಚಾದರೆ ಅವು ಒಂದರ ಮೇಲೊಂದು ಬಿದ್ದು ಓದಲಾಗದು. ನಾನು ಪ್ರತಿ ಹೆಸರನ್ನೂ ಬ್ರೌಸರಿನ ಚಿತ್ರಫಲಕವಾದ ಕ್ಯಾನ್ವಾಸ್ ಮೇಲೆ ಬರೆದು, ಆ ಚಿತ್ರವನ್ನು ನಕ್ಷೆಗೆ ಐಕಾನ್ ಆಗಿ ಸೇರಿಸುತ್ತೇನೆ. ಆಗ ಡಿಕ್ಕಿಯಾಗುವ ಹೆಸರುಗಳನ್ನು ನಕ್ಷೆಯೇ ಮರೆಮಾಡುತ್ತದೆ. ಚಿತ್ರವನ್ನು ಎರಡು ಪಟ್ಟು ಅಳತೆಯಲ್ಲಿ ಬರೆದು ಪಿಕ್ಸೆಲ್ ಅನುಪಾತವನ್ನು (ಚಿತ್ರ ಎಷ್ಟು ಪಟ್ಟು ದೊಡ್ಡದಾಗಿದೆ ಎಂಬ ಸೂಚನೆ) 2 ಎಂದು ನಕ್ಷೆಗೆ ತಿಳಿಸದಿದ್ದರೆ ಮೊಬೈಲಿನಲ್ಲಿ ಅಕ್ಷರಗಳು ಮಸುಕಾಗುತ್ತವೆ.

ಉತ್ತರ 3:
ಬಣ್ಣದ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ಕೆರೆಗಳೇ ಮುಖ್ಯವಾದ ನಕ್ಷೆಯಲ್ಲಿ ಹೆದ್ದಾರಿಗಳ ಕಿತ್ತಳೆ ಬಣ್ಣ ಕಣ್ಣಿಗೆ ಮೊದಲು ಹೊಡೆಯಬಾರದು. ರಸ್ತೆ, ಕಟ್ಟಡಗಳನ್ನೆಲ್ಲ ತಿಳಿಬೂದಿಗೆ ಇಳಿಸಿ. ಬೇಸಿಗೆಯಲ್ಲಿ ಬತ್ತುವ ಕೆರೆಗಳಿಗೆ ‘ಇಂಟರ್ಮಿಟೆಂಟ್’ ಟ್ಯಾಗ್ ಇದ್ದರೆ ಅವುಗಳ ಅಂಚನ್ನು ತುಂಡುಗೆರೆಯಲ್ಲಿ ತೋರಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕೃತಜ್ಞತಾ ಸಾಲನ್ನು ಮೂಲೆಯಿಂದ ತೆಗೆಯಬೇಡಿ.

ಪ್ರಶ್ನೆ ಕೇಳಿದವರು:
ಕ್ಯಾನ್ವಾಸ್ ದಾರಿ ಹಿಡಿದೆ, ‘ಹುಬ್ಬಳ್ಳಿ’ ಹುಬ್ಬಳ್ಳಿಯಾಯಿತು. ಮೊದಲು ಒತ್ತುಗಳ ಬುಡ ಕತ್ತರಿಸಿಹೋಗಿತ್ತು, ಚಿತ್ರದ ಎತ್ತರವನ್ನು ಅಕ್ಷರದ ಅಳತೆಯ ಎರಡು ಪಟ್ಟಿಗೆ ಏರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಎಡವಟ್ಟೂ ಆಯಿತು: ಫಾಂಟ್ ಇಳಿದು ಬರುವ ಮೊದಲೇ ಬರೆದ ಏಳೆಂಟು ಹೆಸರುಗಳು ಸಿಸ್ಟಮ್ಮಿನ ಫಾಂಟಿನಲ್ಲೇ ಉಳಿದುಬಿಟ್ಟವು. ಈಗ ಫಾಂಟ್ ಬಂದುದನ್ನು ಖಚಿತಪಡಿಸಿಕೊಂಡೇ ಬರೆಯಲು ತೊಡಗುತ್ತದೆ.