ಸಹಾಯ ಬೇಕು: ಬ್ಯಾಟರಿ ರೆಸಿಪ್ರೊಕೇಟಿಂಗ್ ಗರಗಸದ ಬ್ಲೇಡ್ ಕೊಂಬೆಯಲ್ಲಿ ಸಿಕ್ಕಿಕೊಳ್ಳುತ್ತಿದೆ

ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ಅಂತ, ಬ್ಲೇಡ್ ಹಿಂದೆ ಮುಂದೆ ಓಡುವ ಈ 18 ವೋಲ್ಟಿನ ಗರಗಸ ತಂದೆವು. ಮೊದಲು ಕಬ್ಬಿಣ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡ್ ಹಾಕಿ ಸುಮ್ನೆ ಒದ್ದಾಡಿದೆವು. ಹಸಿ ಹೊಟ್ಟು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಹೊಗೆ ಬಂತು. ಇಂಚಿಗೆ 5 ಹಲ್ಲಿನದು ಹಾಕಿದ ಮೇಲೆ ಸಲೀಸಾಯಿತು. ಗರಗಸದ ಮುಂದಿನ ಪಾದವನ್ನು (ಬ್ಲೇಡಿನ ಬುಡದಲ್ಲಿರುವ ಲೋಹದ ತಟ್ಟೆ) ಕೊಂಬೆಗೆ ಒತ್ತಿ ಹಿಡಿದರೆ ಅದುರುವುದೂ ಕಡಿಮೆ.

ತೊಂದರೆ ಇರುವುದು ಹಾಲುವಾಣದ ನೆರಳಿನ ಮರದ ದಪ್ಪ ಕೊಂಬೆಯಲ್ಲಿ. ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ಬಾಗಿ ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ನಿನ್ನೆ ಮಿಷನ್ ಹಿಂದಕ್ಕೆ ಒದ್ದು ತಮ್ಮನ ಮಣಿಕಟ್ಟು ಉಳುಕಿತು. ಅವನು ಏಣಿ ಮೇಲಿದ್ದ, ನನಗೆ ಇನ್ನೂ ಭಯ ಹೋಗಿಲ್ಲ.

ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು ಅಲ್ವಾ? ಎಷ್ಟು ಆಳ, ಎಷ್ಟು ದೂರದಲ್ಲಿ? ಸಿಕ್ಕಿಕೊಂಡಾಗ ಬ್ಯಾಟರಿ ತೆಗೆದೇ ಬಿಡಿಸುತ್ತೇವೆ. ಏಣಿ ಬಿಟ್ಟು ನೆಲದಿಂದಲೇ ಮಾಡುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.