ಏಳು ತಿಂಗಳ ಮಗು, ರಾತ್ರಿಯೆಲ್ಲಾ ಎಚ್ಚರ. ಅಳೋಕೆ ಬಿಡೋದು ಸರೀನಾ? ಅನುಭವ ಇರೋರು ಹೇಳಿ

ನಾವು ಹಾಸನದಲ್ಲಿರೋದು. ಮಗಳಿಗೆ ಏಳು ತಿಂಗಳು. 26 ವಾರದ ರಜೆ ಮುಗಿದು ಕೆಲಸಕ್ಕೆ ಹೋಗ್ತಿದೀನಿ, ಇವ್ಳು ರಾತ್ರಿ ಗಂಟೆಗೊಂದ್ಸಲ ಏಳ್ತಾಳೆ, ಜೋಲಿ ತೂಗಿದ್ರೇನೇ ಮತ್ತೆ ನಿದ್ದೆ. ಅಮೆರಿಕದಲ್ಲಿರೋ ನಾದಿನಿ "ಸ್ಲೀಪ್ ಟ್ರೈನಿಂಗ್ ಮಾಡಿ ಅತ್ತಿಗೆ, ನಾಲ್ಕು ದಿನ ಅತ್ತು ಸರಿಹೋಗುತ್ತೆ" ಅಂತಾಳೆ. ಅದನ್ನ ಕೇಳಿಸ್ಕೊಂಡು ಅತ್ತೆ ಮಗೂನ ಅಳೋಕ್ ಬಿಡೋ ತಾಯೀನೂ ಇರ್ತಾಳಾ ಅಂತ ಶುರು ಮಾಡಿದ್ರು. ನಂಗೂ ಮನಸ್ಸು ಒಪ್ತಿಲ್ಲ, ಆದ್ರೆ ನಿದ್ದೆ ಇಲ್ದೆ ತಲೆ ಓಡ್ತಿಲ್ಲ. ಯಾರಾದ್ರೂ ಮಾಡಿದೀರಾ?

---

ಚಿಕ್ಕಮಗಳೂರಿಂದ, ಎರಡು ಮಕ್ಕಳ ಅಮ್ಮ. ನಿಮ್ಮ ನಾದಿನಿ ಹೇಳ್ತಿರೋದು ಬೋಸ್ಟನ್ನಿನ ಫರ್ಬರ್ ಅನ್ನೋ ಡಾಕ್ಟ್ರು 1985ರಲ್ಲಿ ಬರೆದ ಪದ್ಧತಿ ಇರ್ಬೇಕು. ಅದ್ರಲ್ಲೂ ಬಾಗಿಲು ಹಾಕ್ಕೊಂಡು ಹೋಗ್ಬಿಡಿ ಅಂತೇನಿಲ್ಲ, ಸ್ವಲ್ಪ ಹೊತ್ತು ಕಾದು ಹೋಗಿ ಸಮಾಧಾನ ಮಾಡಿ ಬರೋದು, ಆ ಕಾಯೋ ಹೊತ್ತನ್ನ ನಿಧಾನಕ್ಕೆ ಜಾಸ್ತಿ ಮಾಡ್ತಾ ಹೋಗೋದು, ಅಷ್ಟೇ. ಆದ್ರೆ ಅಲ್ಲಿ ಮಗೂಗೇ ಅಂತ ಒಂದು ರೂಮಿರುತ್ತೆ. ನಮ್ಮನೇಲಿ ಮಗು ಕುಂಯ್ ಅಂದ್ರೆ ಸಾಕು ಮಾವ ಹಾಲಲ್ಲಿ ಲೈಟ್ ಹಾಕ್ತಾರೆ, ಬೆಳಗ್ಗೆ ಪಕ್ಕದ್ಮನೆಯವ್ರು ಕಾಂಪೌಂಡ್ ಹತ್ರ ನಿಂತು ದೃಷ್ಟಿ ಆಗಿದೆ ನಿವಾಳಿಸಿ ಹಾಕಿ ಅಂತಾರೆ, ಇದ್ರ ಮಧ್ಯೆ ಗಡಿಯಾರ ನೋಡ್ಕೊಂಡು ಕೂರೋದು ಆಗೋ ಮಾತಾ! ಅಳಿಸೋ ಭಾಗ ಬಿಟ್ಟು ಉಳಿದಿದ್ದನ್ನ ತಗೊಂಡ್ವಿ ನಾವು.

ಉಳಿದಿದ್ದು ಅಂದ್ರೆ, ಈ ವಯಸ್ಸಲ್ಲಿ ಹೆಚ್ಚುಕಮ್ಮಿ ಗಂಟೆಗೊಂದ್ಸಲ ನಿದ್ದೆ ತೆಳುವಾಗಿ ಮಗು ಅರೆಎಚ್ಚರ ಆಗುತ್ತೆ, ಜೋಲೀಲೇ ನಿದ್ದೆ ಹೋಗಿದ್ರೆ ಆಗ್ಲೂ ಜೋಲೀನೇ ಬೇಕು. ಅದಕ್ಕೆ ರಾತ್ರಿ ಮೊದಲ್ನೇ ಸಲ ಮಲಗಿಸುವಾಗ ಮಾತ್ರ ಕಣ್ಣು ಜೋಂಪು ಹತ್ತಿದ ತಕ್ಷಣ ಕೆಳಗೆ ಮಲಗಿಸಿ ತಟ್ಟಿ, ನಡುರಾತ್ರಿ ಹೆಂಗಾದ್ರೂ ಮಲಗ್ಲಿ ಬಿಡಿ. ಹೆಂಗಿದ್ರೂ ರಾತ್ರಿಯಿಡೀ ಜೋಲಿ ಒಳ್ಳೇದಲ್ಲ ಕಣ್ರಿ, ಬಟ್ಟೆ ಮಡಚ್ಕೊಂಡು ಗಲ್ಲ ಎದೆಗೆ ಒತ್ತುತ್ತೆ, ಸಮತಟ್ಟಾದ ಗಟ್ಟಿ ಹಾಸಿಗೇಲಿ ಅಂಗಾತ ಮಲಗಿಸೋದೇ ಸರಿ. ಆಮೇಲೆ ಸದ್ದು ಮಾಡಿದ ಕೂಡ್ಲೆ ಎತ್ಕೋಬೇಡಿ, ಎಷ್ಟೋ ಸಲ ಕಣ್ಣು ಮುಚ್ಕೊಂಡೇ ಗೊಣಗಿರುತ್ತೆ.

ಇನ್ನೊಂದು ಯಾರೂ ಹೇಳಲ್ಲ, ಅಮ್ಮ ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ರೆ ಕೆಲವು ಮಕ್ಕಳು ಹಗಲು ಕಮ್ಮಿ ಕುಡಿದು ಬಾಕಿನೆಲ್ಲಾ ರಾತ್ರಿ ವಸೂಲಿ ಮಾಡ್ತಾವೆ. ನಿಮ್ದೂ ಅದೇ ಇರ್ಬೋದು. ಮನೆಗೆ ಬಂದ ತಕ್ಷಣ ಒಂದ್ಸಲ, ಮಲಗೋ ಮುಂಚೆ ಒಂದ್ಸಲ ಹೊಟ್ಟೆತುಂಬ ಕುಡಿಸಿ ನೋಡಿ. ಟ್ರೈನಿಂಗ್ ಮಾಡಿದ್ರೆ ಮಗು ಮನಸ್ಸಿಗೆ ಏಟು ಬೀಳುತ್ತೇನೋ ಅನ್ನೋ ಭಯಕ್ಕೆ ಹೇಳ್ತೀನಿ, ಆಸ್ಟ್ರೇಲಿಯಾದಲ್ಲಿ ಇಂಥ ಮಕ್ಕಳನ್ನ ಆರು ವರ್ಷ ಆಗೋವರ್ಗೂ ನೋಡಿ 2012ರಲ್ಲಿ ಪ್ರಕಟಿಸಿದಾರೆ, ಮಾಡಿದವ್ರಿಗೂ ಮಾಡದವ್ರಿಗೂ ವ್ಯತ್ಯಾಸ ಸಿಗ್ಲಿಲ್ಲ. ಕೆಡುಕೂ ಕಾಣ್ಲಿಲ್ಲ, ಲಾಭಾನೂ ಅಲ್ಲೀವರ್ಗೆ ಉಳೀಲಿಲ್ಲ. ಅತ್ತೆಗೂ ನಾದಿನಿಗೂ ಇಬ್ರಿಗೂ ಇದನ್ನೇ ಹೇಳಿ.

---

ಮೂಡಿಗೆರೆ ಕಡೆಯವ್ಳು ನಾನು. ಮೇಲಿನ ಅಕ್ಕ ಹೇಳಿದ್ದೆಲ್ಲಾ ಸರಿ, ಜೊತೆಗೆ ಬಟ್ಟೆ ನೋಡಿ. ನಮ್ಮ ಮಳೆ ಚಳಿಗೆ ಹೆದರಿ ಸ್ವೆಟರ್, ಟೋಪಿ, ಸಾಕ್ಸು, ಮೇಲೊಂದು ಕಂಬಳಿ ಅಂತ ಸುತ್ತಿಬಿಡ್ತೀವಿ, ಮಗು ಸೆಕೆಗೆ ಏಳುತ್ತೆ. ಕೈಕಾಲು ತಣ್ಣಗಿರೋದು ಲೆಕ್ಕಕ್ಕಿಲ್ಲ, ಕತ್ತಿನ ಹಿಂದೆ ಮುಟ್ಟಿ ನೋಡಿ, ಬೆವರಿದ್ರೆ ಒಂದು ಪದರ ತೆಗೀರಿ. ಮಲಗಿದ್ಮೇಲೆ ಟೋಪಿ ಬೇಡ, ಕಂಬಳೀನೂ ಬೇಡ. ಮುಚ್ಚಿದ ರೂಮಲ್ಲಿ ಸಾಂಬ್ರಾಣಿ ಹೊಗೇನೂ ಬೇಡ.

---

ಎಲ್ಲಾ ಓದ್ದೆ ಮೇಡಂ, ಮಗು ಅಪ್ಪ ಎಲ್ಲಿದಾರೆ ಈ ಕಥೇಲಿ? ನಮ್ಮನೇಲಿ ರಾತ್ರಿ ಒಂದು ಗಂಟೆವರ್ಗೂ ನನ್ ಡ್ಯೂಟಿ, ಆಮೇಲೆ ಅವ್ಳದ್ದು. ನಾನು ಎತ್ಕೊಂಡ್ರೆ ಹಾಲು ಸಿಗಲ್ಲ ಅಂತ ಗೊತ್ತಾಗಿ ಬೇಗ ಮಲಗ್ತಿದ್ದ ನನ್ ಮಗ.

---

ಎಲ್ರಿಗೂ ಥ್ಯಾಂಕ್ಸ್. ಹಾಲಿನ ವಿಷ್ಯ ಹೊಳೆದೇ ಇರ್ಲಿಲ್ಲ, ಇವತ್ತಿಂದ್ಲೇ ನೋಡ್ತೀನಿ. ಅಪ್ಪ ಪಕ್ಕದ ರೂಮಲ್ಲಿ ಗೊರಕೆ ಹೊಡೀತಿದಾರೆ ಸಾರ್, ಬೆಳಗ್ಗೆ ಬೇಗ ಏಳ್ಬೇಕಂತೆ. ನಿಮ್ಮ ಕಾಮೆಂಟು ಸ್ಕ್ರೀನ್‌ಶಾಟ್ ತೆಗೆದು ಅವ್ರಿಗೆ ಕಳ್ಸಿದೀನಿ.